ಅಣ್ಣನ ಬಿಲ್ಲೆ

ರೈಲು ಬರಲು ಇನ್ನೂ ಹೊತ್ತಿದ್ದರೂ ಗೇಟು ಹಾಕಿಬಿಟ್ಟಿದ್ದರು. ಸೈಕಲ್ಲಿನವರು ಸೈಕಲ್ಲು ವಾಲಿಸಿ, ನೂಲಿನ ಗಂಟು ಹೊತ್ತವರು ಗಂಟು ತಗ್ಗಿಸಿ, ಪಕ್ಕದ ಸಂದಿಯಲ್ಲಿ ನುಸುಳಿ ಹಳಿ ದಾಟಿ ಬೆಟಗೇರಿಯ ಕಡೆಗೆ ಹೋಗುತ್ತಲೇ ಇದ್ದರು. ನಾರಾಯಣಪ್ಪನೊಬ್ಬ ಗೇಟು ತೆಗೆಯಲಿ ಎಂದು ನಿಂತಿದ್ದ. ಕಾಯ್ದೆ ಕಾನೂನಿನ ಮೇಲೆ ಅವನಿಗೆ ಅಂಥ ಭಕ್ತಿಯೇನೂ ಇರಲಿಲ್ಲ; ಇದ್ದಿದ್ದರೆ ಸತ್ತ ಅಣ್ಣನ ಹೆಸರು ಹೇಳಿಕೊಂಡು ಹನ್ನೊಂದು ವರ್ಷ ಗಿರಣಿಯಲ್ಲಿ ದುಡಿಯುತ್ತಿದ್ದನೇ? ಗೇಟು ಒಂದು ನೆವ ಅಷ್ಟೆ. ಅದು ತೆರೆಯುವ ತನಕ ಆಚೆಗೆ ಹೋಗಬೇಕಾಗಿರಲಿಲ್ಲ. ಆಚೆ ಅತ್ತಿಗೆ ಬನಶಂಕರೆವ್ವನ ಮನೆಯಿತ್ತು. ನಾಲ್ಕು ವರ್ಷ ಅತ್ತ ತಲೆಹಾಕದವನು ಇವತ್ತು ಹೋಗಿ ಅವಳಿಗೆ ಹೇಳಬೇಕಾದ ಮಾತಾದರೂ ಎಂಥದ್ದು! ಗಿರಣಿಯ ಆಫೀಸಿಗೆ ಬಂದು, ಸಾಹೇಬರ ಮುಂದೆ ನಿಂತು, ಇವನೇ ನನ್ನ ಗಂಡ ಅಂತ ಹೇಳು ಎನ್ನಬೇಕು. ಬೆಳಗಿನಿಂದ ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ಹೊರಳಿಸಿ ನೋಡಿದ್ದ. ಹೇಗೆ ಹೇಳಿದರೂ ಅದು ಚಪ್ಪಲಿಯಿಂದ ಹೊಡೆಸಿಕೊಳ್ಳುವ ಮಾತೇ ಆಗುತ್ತಿತ್ತು.

ಗಿರಣಿಯ ಹಳೆಯ ಕಾರ್ಡಿಂಗ್ ಖಾತೆ, ಅಂದರೆ ಹತ್ತಿಯನ್ನು ಹಿಂಜಿ ಹದ ಮಾಡುವ ವಿಭಾಗ, ಪೂರಾ ಬಂದಾಗಿತ್ತು. ಒಂದು ತಿಂಗಳ ಹಿಂದೆಯೇ ನೋಟೀಸು ಹಚ್ಚಿದ್ದರು. ನಡುವೆ ರಾಜ್ಯ ಒಂದಾದ ಹಬ್ಬ ಬಂತು. ಊರೆಲ್ಲ ತೋರಣ ಕಟ್ಟಿದರು, ಗಿರಣಿಯವರೂ ಪೇಡೆ ಹಂಚಿದರು. ಪೇಡೆ ತಿನ್ನುತ್ತ ನಿಂತವರಲ್ಲಿ ಯಾರೋ ಒಬ್ಬ, ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂತಲ್ಲ, ನಮ್ಮ ಪರಿಹಾರದ ಕಾಯ್ದೆಯೂ ಅದರ ಜೊತೆಗೇ ಮುಂಬೈಗೆ ಹೋಯಿತೇನೋ ಎಂದು ಕೇಳಿ ಎಲ್ಲರ ಬಾಯಿ ಕಹಿ ಮಾಡಿದ್ದ. ಆಗ ಖಾತೆಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಮಾಶಾಕ ಹತ್ತಿಯ ಗಂಟಿನ ಮೇಲೆ ಹತ್ತಿ ನಿಂತು, ‘ಹೆದರಬ್ಯಾಡ್ರಿ. ಅದು ದಿಲ್ಲಿ ಕಾಯ್ದೆ. ಕೆಲಸದಿಂದ ತಗದ್ರ, ದುಡದ ಒಂದೊಂದು ವರ್ಷಕ್ಕ ಹದಿನೈದು ದಿನದ ಪಗಾರ ಕೊಟ್ಟಽ ಮನಿಗೆ ಕಳಸಬೇಕು. ತುಟ್ಟಿಭತ್ತೆ ಹಿಡದು. ಮಾಲಕ ಕೈಯೆತ್ತಿ ನೀಡೂ ಭಿಕ್ಷಾ ಅಲ್ಲ ಅದು, ನಿಮ್ಮ ಹಕ್ಕು’ ಅಂದ. ಎಲ್ಲರೂ ತಮ್ಮ ತಮ್ಮ ವರ್ಷಗಳನ್ನು ಬೆರಳಿನಲ್ಲಿ ಎಣಿಸಿಕೊಳ್ಳತೊಡಗಿದರು. ನಾರಾಯಣಪ್ಪನ ಬೆರಳು ಮಾತ್ರ ಮಡಚಲಿಲ್ಲ. ಜನ ಚದುರಿದ ಮೇಲೆ ಮಾಶಾಕನನ್ನು ಬದಿಗೆ ಕರೆದು, ‘ಖರೇ ಹೇಳು, ನನ್ನ ಹೆಸರಿಲೆ ಎಷ್ಟ ಬರತೈತಿ?’ ಎಂದು ಕೇಳಿದ. ಗುಟ್ಟು ಗೊತ್ತಿದ್ದವರಲ್ಲಿ ಈಗ ಗಿರಣಿಯಲ್ಲಿ ಉಳಿದವನು ಮಾಶಾಕನೊಬ್ಬನೇ. ಅವನು ಬೀಡಿ ಆರಿಸಿ ಕಿವಿಯ ಹಿಂದೆ ಇಟ್ಟುಕೊಂಡು, ‘ನಿನ್ನ ಹೆಸರಿಲೆ ನೀ ಒಂದು ದಿನಾನೂ ದುಡದಿಲ್ಲಲೇ. ಸುಮ್ನ ಕುಬೇರಪ್ಪಾಗಿ ತಗೊಂಡು ನಾರಾಯಣಪ್ಪಾಗಿ ಉಣ್ಣು’ ಅಂದು ನಕ್ಕ. ಅದರಲ್ಲಿ ನಗುವಂಥದ್ದೇನಿತ್ತೋ!

ಅಣ್ಣ ಕುಬೇರಪ್ಪ ಗಿರಣಿಗೆ ಸೇರಿದ್ದು ಮೂವತ್ತೇಳರಲ್ಲಿ. ಎಂಟು ವರ್ಷ ದುಡಿದು, ಯುದ್ಧ ಮುಗಿದ ವರ್ಷ, ಆರು ದಿನದ ಜ್ವರದಲ್ಲಿ ಹೋಗಿಬಿಟ್ಟ. ಆಗ ಗಿರಣಿಯವರು ಹೊಸಬರನ್ನು ಒಳಗೆ ಸೇರಿಸುತ್ತಿರಲಿಲ್ಲ. ಮನೆಯ ಮಗ್ಗಕ್ಕೆ ನೂಲಿರಲಿಲ್ಲ. ಮಣ್ಣು ಕೊಟ್ಟು ಬಂದ ಮೂರನೆಯ ದಿನ ಮಾಶಾಕನೇ ಮನೆಗೆ ಬಂದು, ನಡುಮನೆಯ ಗೂಟಕ್ಕೆ ತೂಗುತ್ತಿದ್ದ ಅಂಗಿಯ ಕಿಸೆಯಲ್ಲಿ ಕೈಹಾಕಿ ಹಿತ್ತಾಳೆಯ ಬಿಲ್ಲೆ ತೆಗೆದು ಇವನ ಅಂಗೈಯಲ್ಲಿಟ್ಟ. ಎರಡುನೂರಾ ಹದಿನೇಳು. ‘ನಾಳಿ ಗಿರಣಿ ಭೋಂಗಾ ಹೊಡಿಯೂದರಾಗ ಬಾ. ಗೇಟಿನ್ಯಾಗ ಕುಬೇರಪ್ಪ ಅಂತ ಕೂಗ್ತಾರ, ಓ ಅನ್ನು. ಗಿರಣಿಗೆ ಮಾರಿ ಗೊತ್ತಿಲ್ಲ, ನಂಬರ ಗೊತ್ತು.’ ಮೂಲೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದ ಅತ್ತಿಗೆ ಆಗ ತಲೆ ಎತ್ತಿ ನೋಡಿದ್ದಳು. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಮರುದಿನ ಗೇಟಿನಲ್ಲಿ ಹೆಸರು ಕೂಗಿದಾಗ ಅವನ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಕೂಗಿದರು. ಹಿಂದಿದ್ದವನು ಬೆನ್ನಿಗೆ ತಿವಿದ. ಓ ಅಂದ. ಆಮೇಲೆ ಅದು ರೂಢಿಯಾಯಿತು. ಬೆಳಿಗ್ಗೆ ಗೇಟಿನವನು ‘ಬಿಲ್ಲೆ’ ಎಂದು ಅಂಗೈ ಚಾಚುವುದು, ಇವನು ನಡುವಿಗೆ ಕಟ್ಟಿದ ಚೀಲದಿಂದ ತೆಗೆದು ಕೊಡುವುದು, ಪಾಳಿ ಮುಗಿದ ಮೇಲೆ ತಿರುಗಿ ಇಸಿದುಕೊಳ್ಳುವುದು. ರಾತ್ರಿ ಶಾಲೆಯಲ್ಲಿ ಕಷ್ಟಪಟ್ಟು ಸಹಿ ಮಾಡಲು ಕಲಿತಿದ್ದ, ನಾರಾಯಣಪ್ಪ ಎಂದು ಬಾಲ ಬಿಟ್ಟು ಬರೆಯುತ್ತಿದ್ದ. ಆದರೆ ಕುಬೇರಪ್ಪನಿಗೆ ಅಕ್ಷರ ಬರುತ್ತಿರಲಿಲ್ಲವಲ್ಲ, ಹಾಗಾಗಿ ಪಗಾರದ ದಿನ ಹೆಬ್ಬೆಟ್ಟು ಒತ್ತಬೇಕು. ಹೆಬ್ಬೆಟ್ಟಿನ ಮಸಿಯನ್ನು ಪಾಯಿಜಾಮಕ್ಕೆ ಒರೆಸಿಕೊಳ್ಳುತ್ತ ಬರುವಾಗ, ಪಕ್ಕದಲ್ಲಿ ಸಹಿ ಮಾಡುತ್ತಿದ್ದವರ ಕಡೆ ಅವನು ನೋಡುತ್ತಿರಲಿಲ್ಲ.

ಮೊನ್ನೆ ಲೇಬರ್ ಆಫೀಸಿನ ಸಾಹೇಬರು ಬಂದು ರಜಿಸ್ಟರು ತೆಗೆಸಿದರೆ ಮೂವತ್ತೇಳರ ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. ಹೆಬ್ಬೆಟ್ಟುಗಳೆಲ್ಲ ಹೋಗಿದ್ದವು. ಅದಕ್ಕೆ ಸಾಹೇಬರು, ಹಳಬರು ತಮ್ಮ ತಮ್ಮ ಮನೆಯವರನ್ನು ಗುರುತಿಗೆ ಕರೆದುಕೊಂಡು ಬರಬೇಕು ಎಂದು ಹುಕುಂ ಮಾಡಿದರು. ಯುದ್ಧದ ಕಾಲದಲ್ಲಿ ಗಿರಣಿಯಿಂದ ಜೋಳದ ಪಡಿತರ ಕೊಡುತ್ತಿದ್ದಾಗ ಬರೆಸಿದ ಪಟ್ಟಿಯೊಂದು ಉಳಿದಿತ್ತು. ಅದರಲ್ಲಿ ಎರಡುನೂರಾ ಹದಿನೇಳು ನಂಬರಿನ ಮುಂದೆ, ಹೆಂಡತಿ ಬನಶಂಕರೆವ್ವ, ಎಂದಿತ್ತು. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ರತ್ನವ್ವನಿಗೆ ಇದನ್ನು ಹೇಳಿದರೆ ಅವಳ ಕೈ ನಿಲ್ಲಲೂ ಇಲ್ಲ. ‘ಭೇಷ್ ಆತು. ನನ್ನ ಗಂಡ ಯಾರು ಅನ್ನೂದನ್ನ ಇನ್ನೊಬ್ಬಾಕಿ ಬಂದು ಹೇಳಬೇಕು. ಹೋಗ್ರಿ, ಕೈಕಾಲು ಬಿದ್ದು ಕರಕೊಂಡು ಬರ್ರಿ. ಐದನೂರ ಎಪ್ಪತ್ತು ರೂಪಾಯಿ ಅಂದ್ರ ಎರಡು ಮಗ್ಗ ಬರತಾವು’ ಅಂದಳು. ಅವಳು ಕೆಟ್ಟವಳಲ್ಲ. ಅವಳು ಬಂದು, ಹಳಿಯ ಈಚೆ ಬೇರೆ ಮನೆ ಮಾಡಿದ ವರ್ಷವೇ ಅತ್ತಿಗೆಗೆ ಪ್ರತಿ ಪಗಾರಕ್ಕೆ ಕೊಡುತ್ತಿದ್ದ ಐದು ರೂಪಾಯಿ ಎರಡಾಯಿತು, ಆಮೇಲೆ ನಿಂತೇ ಹೋಯಿತು ಎಂಬುದು ಖರೆ. ಆದರೆ ನಿಲ್ಲಿಸು ಎಂದು ರತ್ನವ್ವ ಒಂದು ದಿನವೂ ಹೇಳಿರಲಿಲ್ಲ. ಒಂದು ತಿಂಗಳು ಕೊಡಲಾಗಲಿಲ್ಲ. ಅತ್ತಿಗೆ ಕೇಳಲಿಲ್ಲ. ಇನ್ನೊಂದು ತಿಂಗಳು ಕೊಡಲಿಲ್ಲ. ಆಗಲೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದ, ಆಣೆ ಮಾಡಿ ಹೇಳಬಲ್ಲ. ಕೇಳದೆ ಇದ್ದದ್ದೇ ಅವನಿಗೆ ಅನುಕೂಲವಾಯಿತು, ಆಮೇಲೆ ಕಷ್ಟವಾಯಿತು; ಬೆಟಗೇರಿಯ ಸಂತೆಗೆ ಹೋಗುವುದನ್ನೂ ಬಿಟ್ಟ.

ರೈಲು ಹೋಯಿತು. ಗೇಟು ತೆಗೆದರು. ಇನ್ನು ನೆವವಿರಲಿಲ್ಲ.

ಬೆಟಗೇರಿಯ ಓಣಿಯಲ್ಲಿ ಮಗ್ಗಗಳ ಸಪ್ಪಳ ಎರಡೂ ಬದಿಯಿಂದ ಬರುತ್ತಿತ್ತು. ಒಂದೊಂದು ಮನೆಯ ಸಪ್ಪಳವನ್ನೂ ಅವನು ಬಲ್ಲ. ಕಣ್ಣು ಮುಚ್ಚಿ ಬಿಟ್ಟರೆ ಇದು ಯಾರ ಮನೆ ಎಂದು ಹೇಳಿಯಾನು. ಹಾಗೆ ಹೇಳುತ್ತ ಹೋಗುವ ಆಟವನ್ನು ಅಣ್ಣ ಕಲಿಸಿದ್ದ. ಹೆಗಲ ಮೇಲೆ ಕೂಡಿಸಿಕೊಂಡು, ಕಣ್ಣು ಮುಚ್ಚಲೇ ನಾರ್ಯಾ, ಯಾರ ಮನಿ ಹೇಳು, ಎನ್ನುತ್ತಿದ್ದ. ಕಟ್ಟೆಯ ಮೇಲೆ ನೂಲಿನ ಹಾಸು ಬಿಚ್ಚುತ್ತಿದ್ದ ಮುದುಕನೊಬ್ಬ ಕೈ ನೆರಳು ಮಾಡಿ ನೋಡಿ, ‘ಯಾರಪಾ ಅದು, ಕುಬೇರನ ತಮ್ಮಲ್ಲೇನು?’ ಅಂದ. ಹೌದರಿ ಅಂದ ನಾರಾಯಣಪ್ಪ. ‘ಏನಪಾ ನಿನ್ನ ಹೆಸರು, ನೆಪ್ಪ ಹಾರೇತಿ.’ ಇವನು ಕೇಳಿಸದವನಂತೆ ಮುಂದೆ ನಡೆದುಬಿಟ್ಟ. ಗಿರಣಿಯಲ್ಲಿ ಅವನು ಕುಬೇರಪ್ಪ, ಇಲ್ಲಿ ಕುಬೇರಪ್ಪನ ತಮ್ಮ. ರತ್ನವ್ವ ಹೆಂಡತಿಯಾದವಳು, ಹೆಸರು ಹಿಡಿಯುವಂತಿಲ್ಲ. ಒಂದು ಇಡೀ ವರ್ಷ ಯಾರೂ ನಾರಾಯಣಪ್ಪ ಎಂದು ಕರೆಯದೆ ಕಳೆದಿರಬೇಕು ಎನಿಸಿ, ಯಾವಾಗ ಕರೆದಿದ್ದರು, ಯಾರು ಕರೆದಿದ್ದರು ಎಂದು ಯೋಚಿಸುತ್ತ ಬಂದವನಿಗೆ ಅತ್ತಿಗೆಯ ಬಾಗಿಲು ದಾಟಿದ್ದೇ ತಿಳಿಯಲಿಲ್ಲ. ತಿರುಗಿ ಬರಬೇಕಾಯಿತು. ಅಷ್ಟರಲ್ಲಿ ಒಳಗಿನಿಂದ ರಾಟೆಯ ಸಪ್ಪಳ ನಿಂತಿತು.

‘ನಾರಾಯಣ, ಬಾ ಒಳಗ’ ಅಂದಳು ಬನಶಂಕರೆವ್ವ.

ರಾಟೆಯ ಮುಂದೆ ಕಾಲು ಚಾಚಿ ಕೂತು ನೇಕಾರರಿಗೆ ಕಂಡಿಕೆ ಸುತ್ತುತ್ತಿದ್ದಳು. ನೂಲು ಸುತ್ತಿದ ಸಣ್ಣ ಕಂಡಿಕೆಗಳು ಬುಟ್ಟಿಯಲ್ಲಿ ಅರ್ಧ ತುಂಬಿದ್ದವು. ನಾಲ್ಕು ವರ್ಷದಲ್ಲಿ ಮುಖ ಸಣ್ಣಗಾಗಿತ್ತು. ಅವನು ಹೊಸ್ತಿಲ ಹತ್ತಿರವೇ ಕೂತು, ‘ಅರಾಮ ಅದೀರೇನ್ರಿ ಅತ್ತಿಗೆವ್ವಾ?’ ಎಂದು ಕೇಳಿದ.

‘ಅದೀರೇನ್ರಿ? ನಾ ಯಾವಾಗಿಂದ ನಿಂಗ ರೀ ಆದ್ನೋ ಯಪ್ಪಾ?’

ಮುಖಕ್ಕೆ ಹೊಡೆದಂತಾಯಿತು. ನೀರಿನ ತಂಬಿಗೆ ಮುಂದಿಟ್ಟಳು. ಕುಡಿದ. ಇನ್ನೂ ಕುಡಿದ. ಕಲಿತುಬಂದ ಮಾತುಗಳಲ್ಲಿ ಮೊದಲನೆಯದು ಯಾವುದೆಂದು ನೆನಪಾಗದೆ, ‘ಗಿರಣ್ಯಾಗ ಖಾತೆ ಬಂದ್ ಆತು’ ಅಂದ. ಅವಳು ಹೂಂ ಅಂದಳು. ಓಣಿಗೆಲ್ಲ ಗೊತ್ತಾದದ್ದು ಅವಳಿಗೆ ಗೊತ್ತಾಗದೆ ಇರುತ್ತದೆಯೇ. ‘ಹತ್ತೊಂಬತ್ತು ವರ್ಷದ್ದು ಪರಿಹಾರ ಕೊಡ್ತಾರ. ಅದರಾಗ ಎಂಟು ವರ್ಷ ಅಣ್ಣಂದು. ಅದು ನಿಂದು. ನಾ ಅದನ್ನ ಮುಟ್ಟಂಗಿಲ್ಲ, ಆಣಿ ಮಾಡ್ತೀನಿ’ ಎಂದು ಗಡಬಡಿಸಿ ಹೇಳಿದ. ಹೇಳುವಾಗಲೇ ತನ್ನ ದನಿ ಲಂಚ ಕೊಡುವವನ ದನಿಯಂತೆ ಕೇಳಿಸಿತು. ಅವಳು ಹರಿದ ಎಳೆಯೊಂದನ್ನು ಹೊಸೆದು ಗಂಟು ಹಾಕುತ್ತಿದ್ದಳು. ‘ಖರೆ, ಗುರ್ತಕ್ಕ ಮನಿಯವರು ಬರಬೇಕಂತ. ಪಡಿತರದ ಪಟ್ಟ್ಯಾಗ ನಿನ್ನ ಹೆಸರೈತಿ. ನೀ ಬಂದು...’

ಅಷ್ಟಕ್ಕೆ ನಿಂತಿತು. ಅವಳ ಬೋಳು ಕೈ, ಬೋಳು ಹಣೆ ಎದುರಿಗಿದ್ದವು. ಗುರುತು ಹೇಳಲು ಬಂದ ಹೆಂಡತಿ ಹೀಗೆ ಬಂದು ನಿಂತರೆ ಗುಮಾಸ್ತ ಏನು ತಿಳಿದಾನು? ಬಳೆ ಇಟ್ಟುಕೊಂಡು, ಕುಂಕುಮ ಹಚ್ಚಿಕೊಂಡು ಬಾ ಎಂದು ಯಾವ ಬಾಯಿಂದ ಹೇಳುವುದು? ಆ ಬಳೆಗಳನ್ನು ಹನ್ನೊಂದು ವರ್ಷದ ಹಿಂದೆ ಇದೇ ಹಿತ್ತಿಲಲ್ಲಿ ಒಡೆದಾಗ ಅವನು ಬಾವಿಯ ಕಟ್ಟೆಗೆ ಮುಖ ಮಾಡಿ ನಿಂತಿದ್ದ. ಬನಶಂಕರೆವ್ವ ಎಳೆಯ ಗಂಟು ಬಿಗಿದು ಎದ್ದಳು. ಮೂಲೆಯ ಗೂಡಿನಲ್ಲಿ ದೇವರ ಮುಂದಿದ್ದ ಕುಂಕುಮದ ಬಟ್ಟಲು ತೆಗೆದು, ತುಂಬಿದ ಕೊಡದ ನೀರಿನಲ್ಲಿ ಮುಖ ನೋಡಿಕೊಂಡು, ಒಂದು ಬೊಟ್ಟು ಇಟ್ಟುಕೊಂಡಳು. ಕೇಳಬೇಕಾದ ಕಷ್ಟ ತಪ್ಪಿತಲ್ಲ ಎಂದು ಅವನ ಎದೆ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆ ಬಂತು.

‘ಬರ್ತೀನಿ. ನಂದೊಂದು ಮಾತು ಐತಿ’ ಅಂದಳು. ‘ಆ ಬಿಲ್ಲೆ ನಂಗ ಬೇಕು.’

‘ಬಿಲ್ಲೆ ತಿರುಗಿ ತಗೋತಾರ ಅತ್ತಿಗೆವ್ವಾ.’

‘ಕಳದೈತಿ ಅನ್ನು. ಕಳಕೊಂಡ್ರ ಒಂದು ರೂಪಾಯಿ ಮುರಕೋತಾರ ಅಂತ ನಿಮ್ಮ ಅಣ್ಣ ಹೇಳ್ತಿದ್ರು. ಆ ರೂಪಾಯಿ ನನ್ನ ಪಾಲಿನ್ಯಾಗ ಹಿಡಿ. ಈಗಽ ಕೊಡು.’

ನಡುವಿನ ಚೀಲಕ್ಕೆ ಕೈ ಹೋಯಿತು. ಬಿಲ್ಲೆ ತಣ್ಣಗೆ ಬೆರಳಿಗೆ ತಾಕಿತು. ಹನ್ನೊಂದು ವರ್ಷ ತಿಕ್ಕಿ ತಿಕ್ಕಿ ಅಂಕಿಗಳು ಸವೆದಿದ್ದವು. ಆಗಲೇ ಕೊಟ್ಟುಬಿಟ್ಟಿದ್ದರೆ! ಆದರೆ ಅವನೊಳಗೆ ಕೂತಿದ್ದ ಲೆಕ್ಕದ ಮನುಷ್ಯ, ಇವಳು ಬಿಲ್ಲೆ ಇಟ್ಟುಕೊಂಡು ಬರುವುದಿಲ್ಲ ಎಂದುಬಿಟ್ಟರೆ ಎಂದು ಕೇಳಿದ. ‘ಬಿಲ್ಲೆ ಇಲ್ದ ಗೇಟಿನ್ಯಾಗ ಬಿಡಂಗಿಲ್ಲ. ಒಳಗ ಹೋಗಿ ಕಳದೈತಿ ಅಂತೀನಿ. ಹೊರಗ ಬಂದ ಕೂಡಲೆ ನಿನ್ನ ಕೈಯಾಗ ಇಡ್ತೀನಿ’ ಅಂದ. ಗೇಟಿನ ಮಾತು ಸುಳ್ಳೇನಲ್ಲ. ಅವಳು ಅವನನ್ನು ಒಂದು ಗಳಿಗೆ ನೋಡಿ, ಆಗಲಿ ಎನ್ನುವಂತೆ ಬಾಗಿಲು ಎಳೆದುಕೊಂಡಳು.

ಬಳೆಗಾರ್ತಿ ಸುಗ್ರಾಬಿಯ ಮನೆ ಅದೇ ಓಣಿಯ ತುದಿಯಲ್ಲಿತ್ತು. ಬನಶಂಕರೆವ್ವ ಹಣೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು. ಅವನು ಹೊರಗೆ ನಿಂತ. ಸುಗ್ರಾಬಿ ಏನನ್ನೂ ಕೇಳಲಿಲ್ಲ. ಅದೇ ಅವನಿಗೆ ಆಶ್ಚರ್ಯವಾಯಿತು. ‘ಕೈ ಬಿರುಸಾಗೇತಿ ಯವ್ವಾ, ಸಡ್ಲ ಬಿಡು, ಸಡ್ಲ ಬಿಡು’ ಎನ್ನುವುದು ಕೇಳಿತು. ಒಂದು ಬಳೆ ಒಡೆದ ಸಪ್ಪಳ. ಅವನು ಬೆಚ್ಚಿದ. ‘ಇರಲಿ, ಇನ್ನೊಂದು ಏರಸ್ತೀನಿ. ರೊಕ್ಕ ಬ್ಯಾಡ ಬಿಡು, ಸಂಜಿಕ ತಿರುಗಿ ತಂದಕೊಡು.’ ಹೊರಗೆ ಬಂದಾಗ ಕೈಗೆ ಎರಡೆರಡು ಹಸಿರು ಬಳೆಗಳಿದ್ದವು, ಮಣಿಕಟ್ಟಿನ ಮೇಲೆ ಒಂದು ಗೀರು ರಕ್ತ. ಓಣಿಯ ಹೆಂಗಸರು ನೋಡಿದರು. ಗಂಡಸರೂ ನೋಡಿದರು. ಮೈದುನನ ಹಿಂದೆ ಬಳೆ ತೊಟ್ಟು ಹೊರಟ ವಿಧವೆಯನ್ನು ನೋಡಿ ಓಣಿ ಏನೆಂದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾಳೆ ಅವನು ಈ ಓಣಿಯಲ್ಲಿ ಇರುವುದಿಲ್ಲ, ಅವಳು ಇರುತ್ತಾಳೆ. ಇದು ಅವನಿಗೆ ಹೊಳೆದದ್ದು ರೈಲ್ವೆ ಗೇಟು ದಾಟಿದ ಮೇಲೆ. ಏನಾದರೂ ಹೇಳೋಣವೆಂದು ತಿರುಗಿದರೆ ಅವಳು ಹಿಂದೆ ನಾಲ್ಕು ಮಾರು ದೂರದಲ್ಲಿ, ಬಳೆ ಸಪ್ಪಳವಾಗದಂತೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದಳು. ಅವನು ಮುಂದೆ ನಡೆದ. ರಾಜ್ಯ ಒಂದಾದ ದಿನ ಕಟ್ಟಿದ ಮಾವಿನ ತೋರಣ ಗಿರಣಿಯ ದಾರಿಯಲ್ಲಿ ಒಣಗಿ ಗರಿಗರಿ ಎನ್ನುತ್ತಿತ್ತು.

ಗೇಟಿನಲ್ಲಿ ಹೊಸಬನಿದ್ದ, ಹಳೆಯ ಗೇಟಿನವನನ್ನೂ ಮನೆಗೆ ಕಳಿಸಿದ್ದರು. ಬಿಲ್ಲೆ ತೋರಿಸಿದ ಮೇಲೆ ಒಳಗೆ ಬಿಟ್ಟ. ಆಫೀಸಿನ ಪಡಸಾಲೆಯಲ್ಲಿ ಇಪ್ಪತ್ತು ಮೂವತ್ತು ಜನ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಕಿಟಕಿಯ ಹಿಂದೆ ಗುಮಾಸ್ತ ಹೇಮಪ್ಪ, ಅವನ ಪಕ್ಕದ ಕುರ್ಚಿಯಲ್ಲಿ ಲೇಬರ್ ಆಫೀಸಿನ ಸಾಹೇಬರು. ಹೇಮಪ್ಪ ಚಾಷ್ಟಿಯ ಮನುಷ್ಯ. ಒಬ್ಬೊಬ್ಬರನ್ನೂ ಕಾಡಿಸಿ ನಗಿಸಿ ಕಳಿಸುತ್ತಿದ್ದ. ಕೆಲಸ ಹೋದವರು ನಗುತ್ತಿದ್ದುದನ್ನು ನೋಡಿ ನಾರಾಯಣಪ್ಪನಿಗೂ ತುಸು ಧೈರ್ಯ ಬಂತು. ‘ಎರಡನೂರಾ ಹದಿನೇಳು, ಕುಬೇರಪ್ಪ!’ ಎಂದು ಹೇಮಪ್ಪ ಕೂಗಿದ. ‘ಓ’ ಅಂದ. ಬೆನ್ನ ಹಿಂದೆ ಬಳೆಗಳು ಒಮ್ಮೆ ಸಪ್ಪಳ ಮಾಡಿದವು.

‘ಇವರೇನು ಮನಿಯವರು? ಏನಬೇ, ನಿನ್ನ ಗಂಡನ ಹೆಸರೇನು?’

ಬನಶಂಕರೆವ್ವ ತಲೆ ತಗ್ಗಿಸಿದಳು. ಹೇಮಪ್ಪ ಲೇಖಣಿ ಎತ್ತಿಕೊಂಡು ಕಾದ. ಗಂಡನ ಹೆಸರನ್ನು ಹೆಂಗಸು ಬಾಯಿಬಿಟ್ಟು ಹೇಳಿಯಾಳೇ? ಅದು ಅವನಿಗೂ ಗೊತ್ತು. ಸಾಹೇಬರ ಕಡೆ ತಿರುಗಿ, ‘ನಮ್ಮ ಕಡೆ ಹೆಣಮಕ್ಕಳು ಹಂಗ ಹೇಳಂಗಿಲ್ರಿ ಸಾಹೇಬ್ರ’ ಅಂದ. ಸಾಹೇಬರು ಬೇರೆ ಸೀಮೆಯವರು, ಹೇಳಲೇಬೇಕು ಎಂದರು. ‘ಹಂಗಾರ ಒಡಪು ಹಾಕಿ ಹೇಳಬೇ! ಲಗ್ನದಾಗ ಹೇಳಿಲ್ಲೇನು?’ ಅಂದ ಹೇಮಪ್ಪ. ಪಡಸಾಲೆಯಲ್ಲಿ ಕೂತವರು ನಕ್ಕರು. ‘ಹಾಕವ್ವಾ ಹಾಕು, ಕುಬೇರಪ್ಪ ಎಷ್ಟ ಚೆಂದ ಅದಾನ ಅಂತ ಹೇಳು’ ಎಂದಿತು ಒಂದು ದನಿ. ಲಗ್ನದಲ್ಲಿ ಅವಳು ಗಂಡನ ಹೆಸರು ಹೆಣೆದು ಪದ ಕಟ್ಟಿ ಒಡಪು ಹೇಳಿರಲಿಲ್ಲ. ಅವನಿಗೆ ಆಗ ಒಂಬತ್ತು ವರ್ಷ. ಹೊಸ ಮದುಮಗಳನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ, ಅಣ್ಣನ ಹೆಸರು ಹೇಳಿದರೇನೇ ಒಳಗೆ ಬಿಡುವುದು ಎಂದು ಕೈಚಾಚಿ ನಿಂತಿದ್ದ. ಹದಿನಾಲ್ಕರ ಹುಡುಗಿ ನಾಚಿ ಅತ್ತೇಬಿಟ್ಟಿದ್ದಳು. ಅಣ್ಣ, ಬಿಡಲೇ, ಇನ್ನೊಮ್ಮೆ ಹೇಳಿದರಾಯಿತು ಅಂದಿದ್ದ. ಆ ಇನ್ನೊಮ್ಮೆ ಬಂದಿರಲೇ ಇಲ್ಲ. ಸಾಕು ನಡಿ ಅತ್ತಿಗೆವ್ವಾ, ಬೇಡ ಈ ರೊಕ್ಕ, ಎಂದು ಅವಳ ರಟ್ಟೆ ಹಿಡಿದು ಹೊರಗೆ ಕರೆದೊಯ್ಯಬೇಕೆಂದುಕೊಂಡ. ಕಾಲು ಏಳಲಿಲ್ಲ. ಅಷ್ಟರಲ್ಲಿ ಅವಳು ತಲೆ ಎತ್ತಿ, ರಾಗವಿಲ್ಲದ ದನಿಯಲ್ಲಿ, ಯಾರಿಗೋ ದಾರಿ ಹೇಳುವವಳ ಹಾಗೆ ಹೇಳಿದಳು:

‘ಹಿತ್ತಲ ಬೇವಿನ್ಯಾಗ ಗುಬ್ಬಿ ಗೂಡ ಕಟ್ಟೇತಿ,
ಗಿರಣಿ ಭೋಂಗಾ ಹೊತ್ತಹೊತ್ತಿಗೆ ಕೂಗೇತಿ,
ಕುಬೇರಪ್ಪನವರ ಹೆಸರ ಹೇಳೂ ಹೊತ್ತು ಇವತ್ತ ಬಂದೇತಿ.’

ಯಾರೂ ನಗಲಿಲ್ಲ. ಹೇಮಪ್ಪ ಪುಸ್ತಕಕ್ಕೆ ಬಗ್ಗಿದ. ಗುರುತು ಸರಿಯಿದೆ ಎಂದು ಬರೆದ. ಅವಳು ನಾರಾಯಣಪ್ಪನ ಕಡೆ ಬೆರಳು ತೋರಿಸಿರಲಿಲ್ಲ, ಒಮ್ಮೆ ಕಣ್ಣೆತ್ತಿ ನೋಡಿರಲೂ ಇಲ್ಲ. ಸುಳ್ಳೆಂಬುದು ಅವಳ ಬಾಯಿಂದ ಹೊರಟಿರಲಿಲ್ಲ. ಹೇಮಪ್ಪ ಕಾಗದವೊಂದನ್ನು ಓದಿ ಹೇಳಿದ: ಹತ್ತೊಂಬತ್ತು ವರ್ಷದ ಪರಿಹಾರ ಮುಟ್ಟಿದೆ, 217ನೇ ನಂಬರಿನ ಕುಬೇರಪ್ಪನಿಗೆ ಇನ್ನು ಗಿರಣಿಯ ಮೇಲೆ ಯಾವ ಹಕ್ಕೂ ಬಾಧ್ಯತೆಯೂ ಉಳಿದಿಲ್ಲ. ನಾರಾಯಣಪ್ಪ ಹೆಬ್ಬೆಟ್ಟು ಒತ್ತಿದ. ನೋಟುಗಳನ್ನು ಇಸಿದುಕೊಂಡ. ಈಗ ಹೇಳಬೇಕು, ಬಿಲ್ಲೆ ಕಳೆದಿದೆ ಅನ್ನಬೇಕು, ಎಂದು ಉಸಿರು ಎಳೆದುಕೊಂಡ. ಹೇಮಪ್ಪ ಮುಂದಿನ ಹೆಸರು ಹುಡುಕುತ್ತ, ತಲೆ ಎತ್ತದೆ, ಎಡಗೈ ಚಾಚಿ, ‘ಬಿಲ್ಲೆ’ ಅಂದ.

ಎಂದಿನ ಮಾತು, ಎಂದಿನ ಅಂಗೈ. ನಾರಾಯಣಪ್ಪನ ಕೈ ನಡುವಿನ ಚೀಲಕ್ಕೆ ಹೋಯಿತು, ಹೊರಗೆ ಬಂತು, ಬಿಲ್ಲೆಯನ್ನು ಆ ಅಂಗೈಯಲ್ಲಿಟ್ಟಿತು. ಹೇಮಪ್ಪ ಅದನ್ನು ಕಾಲ ಬುಡದ ಗೋಣಿಚೀಲಕ್ಕೆ ಎಸೆದ. ಒಳಗೆ ಬೇರೆ ಬಿಲ್ಲೆಗಳ ಮೇಲೆ ಬಿದ್ದ ಸಪ್ಪಳ ಕೇಳಿದಾಗಲೇ ಏನು ಮಾಡಿದೆನೆಂಬುದು ಅವನಿಗೆ ತಿಳಿದದ್ದು. ‘ಸರಿ ಆಚೆ’ ಅಂದ ಹಿಂದಿನವನು. ಸರಿದ.

ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಬನಶಂಕರೆವ್ವ ನಿಂತು ಬಳೆಗಳನ್ನು ಒಂದೊಂದಾಗಿ ಕಳಚಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಅವನು ನೋಟುಗಳನ್ನೆಲ್ಲ ಹಿಡಿದು ಮುಂದೆ ಚಾಚಿದ. ಎಲ್ಲವನ್ನೂ. ಎರಡು ಮಗ್ಗ, ರತ್ನವ್ವ, ಏನೂ ನೆನಪಿಗೆ ಬರಲಿಲ್ಲ. ಎಲ್ಲವನ್ನೂ ತೆಗೆದುಕೊಂಡುಬಿಟ್ಟರೆ ಸಾಕಾಗಿತ್ತು. ಅವಳು ನೋಟುಗಳ ಕಡೆ ನೋಡದೆ, ‘ಬಿಲ್ಲೆ?’ ಅಂದಳು.

ಅವನು ಬಾಯಿ ತೆರೆದ. ಕಸಿದುಕೊಂಡರು ಎನ್ನಬಹುದಿತ್ತು. ಬಿಡಲೇ ಇಲ್ಲ ಎನ್ನಬಹುದಿತ್ತು. ‘ಬಿಲ್ಲೆ ಅಂದ, ಕೊಟ್ಟುಬಿಟ್ಟೆ’ ಅಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಗಿಡದ ಬೊಡ್ಡೆಗೆ ಕೈಯೂರಿ, ‘ಅವರು ಸತ್ತದ್ದು ನಂಗ ಗೊತ್ತಿಲ್ಲೇನೋ? ನಾನಽ ಬಾಯಾಗ ನೀರ ಬಿಟ್ಟಾಕಿ. ಖರೆ ದಿನಾ ಮುಂಜಾನಿ ಭೋಂಗಾ ಹೊಡೀತು ಅಂದ್ರ, ಈಗ ಗೇಟಿನ್ಯಾಗ ಅವರ ಹೆಸರು ಕೂಗ್ತಾರ, ಓ ಅಂತ ಒಂದು ದನಿ ಬರತೈತಿ, ಅನ್ಕೋತ ರಾಟಿ ಮುಂದ ಕುಂಡ್ರತಿದ್ದೆ. ಊರಾಗ ಅವರನ್ನ ಹೆಸರು ಹಿಡದು ಕರಿಯೂ ಜಾಗಾ ಅದೊಂದಽ ಉಳದಿತ್ತು. ಅದೂ ಆತು’ ಅಂದಳು. ಆಮೇಲೆ ನೋಟುಗಳನ್ನು ಅವನ ಕೈಯಿಂದ ತೆಗೆದುಕೊಂಡು, ತುಟಿ ಅಲ್ಲಾಡಿಸುತ್ತ ಎಣಿಸಿ, ಎಂಟು ವರ್ಷದ್ದಷ್ಟನ್ನು ಇಟ್ಟುಕೊಂಡಳು. ಅದರಲ್ಲಿ ಒಂದು ರೂಪಾಯಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಉಳಿದದ್ದನ್ನು ಅವನ ಅಂಗೈಗೆ ಒತ್ತಿದಳು. ‘ಐದು ರೂಪಾಯಿದ್ದು ಬಾಕಿ ಐತಿ ಅತ್ತಿಗೆವ್ವಾ, ನಾಲ್ಕು ವರ್ಷದ್ದು’ ಅಂದ. ‘ಅದನ್ನ ನಾ ಕೇಳಿಲ್ಲ. ಹನ್ನೊಂದು ವರ್ಷ ದುಡದಾಂವ ನೀನಽ. ಯಾವ ಕಾಗದದಾಗ ಇಲ್ಲದಿದ್ರೂ ನಂಗ ಗೊತ್ತೈತಿ. ಮನಿಗೆ ಹೋಗು, ರತ್ನವ್ವ ದಾರಿ ನೋಡ್ತಿರತಾಳ’ ಅಂದಳು. ಸೆರಗಿನಿಂದ ಹಣೆ ಒರೆಸಿಕೊಂಡು ಹೊರಟಳು. ಕುಂಕುಮ ಪೂರ್ತಿ ಹೋಗಿರಲಿಲ್ಲ, ಕೆಂಪಗೆ ಹರಡಿತ್ತು.

ಮೂರು ಗಂಟೆಯ ಭೋಂಗಾ ಹೊಡೆಯಿತು. ದೂರದಲ್ಲಿ, ತೋರಣದ ಹತ್ತಿರ, ಬನಶಂಕರೆವ್ವ ನಡೆಯುತ್ತಿದ್ದವಳು ನಿಂತಳು. ಹೊರಳಿ ನೋಡಲಿಲ್ಲ, ಸುಮ್ಮನೆ ನಿಂತಳು. ಭೋಂಗಾ ಪೂರ್ತಿ ಆರಿದ ಮೇಲೆ ಸೆರಗು ಸರಿಮಾಡಿಕೊಂಡು ಮತ್ತೆ ನಡೆದಳು. ನಾರಾಯಣಪ್ಪ ಅದನ್ನು ನೋಡಿದ. ನೋಡಿದವನೇ ಗೇಟಿನ ಕಡೆಗೆ ಬಿರಬಿರನೆ ಹೊರಟ. ಗೋಣಿಚೀಲ ಇನ್ನೂ ಅಲ್ಲೇ ಇರುತ್ತದೆ. ಹತ್ತು ರೂಪಾಯಿ ಕೊಡೋಣ, ಐವತ್ತು ಕೊಡೋಣ, ಹೇಮಪ್ಪನ ಕಾಲು ಹಿಡಿಯೋಣ. ಗೇಟಿನ ಹೊಸಬ ಅಡ್ಡಗೋಲು ಇಳಿಸಿ, ಏನು ಬೇಕು ಎಂದು ಕೇಳಿದ.

‘ಒಂದು ಬಿಲ್ಲೆ ಒಳಗ ಉಳದೈತಿ.’

‘ನಿನ್ನ ಹೆಸರೇನು?’

ಹನ್ನೊಂದು ವರ್ಷ ಈ ಗೇಟಿನಲ್ಲಿ ಸಲ್ಲುತ್ತಿದ್ದ ಹೆಸರು ತುಟಿಯ ತನಕ ಬಂತು. ಆ ಹೆಸರಿನ ಹಕ್ಕೆಲ್ಲ ತೀರಿತೆಂದು ಒತ್ತಿದ ಮಸಿ ಹೆಬ್ಬೆಟ್ಟಿನ ಮೇಲೆ ಇನ್ನೂ ಹಸಿಯಾಗಿತ್ತು. ಅತ್ತಿಗೆ ತಲೆ ಎತ್ತಿ ಹೇಳಿದ ಹೆಸರನ್ನು ಇನ್ನು ತಾನು ಹೇಳುವುದು ಆಗಲಾರದ ಮಾತೆನಿಸಿತು.

‘ನಾರಾಯಣಪ್ಪ’ ಅಂದ.

ಗೇಟಿನವನು ಗೋಡೆಗೆ ತೂಗುಹಾಕಿದ್ದ ಪಟ್ಟಿಯನ್ನು ಬೆರಳಿಟ್ಟು ಮೇಲಿನಿಂದ ಕೆಳಗಿನ ತನಕ ನೋಡಿದ. ಹಾಳೆ ತಿರುವಿ ಹಿಂದಿನದನ್ನೂ ನೋಡಿದ. ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ.

‘ಈ ಹೆಸರಿನಾಂವ ಯಾರೂ ಇಲ್ಲೆ ದುಡದಿಲ್ಲ ನೋಡಪಾ.’

‘ಇನ್ನೊಮ್ಮೆ ನೋಡ್ರಿ’ ಅಂದ ನಾರಾಯಣಪ್ಪ.